ಅಡಿ ಮುಚ್ಚಿದ ಕೈ

ಮಡಕೆ ಹುಟ್ಟುವಾಗ ಅದಕ್ಕೆ ಅಡಿ ಇರುವುದಿಲ್ಲ. ಹೀಗೆಂದರೆ ಪೇಟೆಯವರು ನಗುತ್ತಾರೆ. ನಗಲಿ. ತಿಗರಿಯಿಂದ ಇಳಿಯುವಾಗ ಅದಕ್ಕೆ ಬಾಯಿ ಉಂಟು, ಕೊರಳು ಉಂಟು, ದಪ್ಪ ಗೋಡೆಯ ಹೊಟ್ಟೆ ಉಂಟು. ಮೇಲಿನಿಂದ ಕೈ ಹಾಕಿದರೆ ಕೆಳಗೆ ಹೊರಬರುತ್ತದೆ. ಅದಕ್ಕೆ ಅಡಿ ಕೊಡುವುದು ಹೆಂಗಸರ ಕೆಲಸ. ನೆರಳಿನಲ್ಲಿ ಸ್ವಲ್ಪ ಒಣಗಿಸಿ, ಎಡಗೈಯಲ್ಲಿ ಗುಂಡುಕಲ್ಲನ್ನು ಒಳಗೆ ಆನಿಸಿ ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟುತ್ತಾ ತಟ್ಟುತ್ತಾ ಗೋಡೆಯ ಮಣ್ಣನ್ನು ಕೆಳಕ್ಕೆ ಎಳೆಯಬೇಕು. ಒಂದು ದಿನ ತಟ್ಟಿ ಬಿಡಬೇಕು, ಮರುದಿನ ಮತ್ತೆ ತಟ್ಟಬೇಕು. ಮೂರನೆಯ ಸಲಕ್ಕೆ ನಡುವಿನ ತೂತು ಮುಚ್ಚಿಕೊಳ್ಳುತ್ತದೆ. ಹನ್ನೆರಡನೆಯ ವಯಸ್ಸಿನಿಂದ ನಾನು ಮಾಡಿದ್ದು ಅದೇ ಕೆಲಸ. ನನಗೆ ಕಲಿಸಿದವಳು ಅಮ್ಮ.

ನನ್ನ ತವರು ನೆರಿಯ, ಘಟ್ಟದ ಬುಡದ ಊರು. ಮದುವೆ ಮಾಡಿ ಕೊಟ್ಟದ್ದು ಶಿರ್ತಾಡಿ ಹತ್ತಿರದ ಒಂದು ಮನೆಗೆ. ಬರುವಾಗ ಅಮ್ಮ ತನ್ನ ಗುಂಡುಕಲ್ಲನ್ನೇ ಕೊಟ್ಟಿದ್ದಳು. ಅದರ ಒಂದು ಬದಿಯಲ್ಲಿ ಅಕ್ಕಿಕಾಳಿನಷ್ಟು ಚಕ್ಕೆ ಎದ್ದಿತ್ತು. ಹಾಗಾಗಿ ನಾನು ತಟ್ಟಿದ ಯಾವ ಮಡಕೆಯ ಒಳಗೆ ಬೆರಳಾಡಿಸಿದರೂ ಅಲ್ಲಲ್ಲಿ ಒಂದು ಸಣ್ಣ ಉಬ್ಬು ಸಿಗುತ್ತಿತ್ತು. ಅತ್ತೆ ಮೊದಮೊದಲು, "ಬೇರೆ ಕಲ್ಲು ತಕೊಳ್ಳೇ, ಗಂಜಿ ಅಂಟ್ತದೆ" ಎನ್ನುತ್ತಿದ್ದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮನೆಯಲ್ಲಿ ನಾಲ್ಕು ಜನ, ನಾಲ್ಕು ಕೆಲಸ. ಗದ್ದೆಯಿಂದ ಮಣ್ಣು ತಂದು ತುಳಿದು ಹದ ಮಾಡುವವರು, ಮಡಕೆ ಸುಡುವ ಆವೆ ಜೋಡಿಸುವವರು ನನ್ನ ಗಂಡ. ತಿಗರಿ ಮಾವನದು. ಮಣ್ಣಿಗೆ ಬೆರೆಸುವ ಹೊಯಿಗೆ, ಅಂದರೆ ಮರಳು, ಗಾಳಿಸುವುದು, ಒಣಗಿದ ಮಡಕೆಗೆ ಕೆಮ್ಮಣ್ಣಿನ ನೀರು ಸವರಿ ಉಜ್ಜುವುದು ಅತ್ತೆಯದು. ಮೊದಲು ತಟ್ಟುತ್ತಿದ್ದವರೂ ಅವರೇ. ಅವರ ಭುಜ ಹೋದ ಮೇಲೆ ತಟ್ಟುವ ಕೆಲಸ ಪೂರ್ತಿ ನನ್ನ ತಲೆಗೆ ಬಂತು. ನಾಲ್ವರಲ್ಲಿ ಒಬ್ಬರು ಕೈ ಬಿಟ್ಟರೂ ಮಡಕೆ ಇಲ್ಲ. ಹೀಗಿರುವಾಗ ಒಬ್ಬರಿಗೆ ಜ್ವರ ಬರಲಿಕ್ಕೂ ಉಳಿದ ಮೂವರ ಮುಖ ನೋಡಬೇಕಾಗುತ್ತಿತ್ತು.

ಆ ಮನೆಯಲ್ಲಿ ಎರಡು ಕಟ್ಟುಗಳಿದ್ದವು. ಮೊದಲನೆಯದು, ಒಬ್ಬರ ಕೈಗೆ ಇನ್ನೊಬ್ಬರು ಬಾಯಿ ಹಾಕಬಾರದು. ಅಂದರೆ ಮಣ್ಣು ಸರಿಯಿಲ್ಲವೆಂದು ತಿಗರಿಯವನು ಹೇಳುವ ಹಾಗಿಲ್ಲ. ಗೋಡೆ ತೆಳುವಾಯಿತು ಎಂದು ತಟ್ಟುವವಳು ಹೇಳುವ ಹಾಗಿಲ್ಲ. ತಪ್ಪು ಮಾಡಿದವನಿಗೆ ತಾನೇ ಗೊತ್ತಾಗಬೇಕು. ಎರಡನೆಯದು, ಅಡಿ ಮುಚ್ಚಿದ ಕೈಯೇ ಆವೆ ಬಿಚ್ಚಬೇಕು. ಸುಟ್ಟ ಮಡಕೆಯನ್ನು ಮೊದಲು ಮುಟ್ಟುವವಳು, ಬೆರಳ ಗಂಟಿನಿಂದ ಬಡಿದು ಶಬ್ದ ಕೇಳುವವಳು ಅವಳೇ. ಈ ಕಟ್ಟು ಯಾರು ಮಾಡಿದ್ದೋ ಗೊತ್ತಿಲ್ಲ. ಮಾಡಿದವರಿಗೆ ದೂರದ ತವರು ಇರಲಿಲ್ಲ ಎಂದು ಮಾತ್ರ ಗೊತ್ತು.

ನಾನು ಹೇಳುತ್ತಿರುವುದು ಹೊಸ ಪೈಸೆ ಬಂದ ಹೊಸದರ ಒಂದು ಬೇಸಿಗೆಯ ಮಾತು. ನಮ್ಮ ಕಡೆ ದೊಡ್ಡ ಮಡಕೆಗೆ ಮಂಡೆ ಎನ್ನುತ್ತಾರೆ. ಮಳೆಗಾಲಕ್ಕೆಂದು ಮಾವಿನಕಾಯಿ, ಹಲಸಿನ ಸೊಳೆ ಉಪ್ಪುನೀರಿಗೆ ಹಾಕಿಡುವುದು ಅದರಲ್ಲೇ. ಆ ವರ್ಷ ಮೂಡಬಿದಿರೆಯಿಂದಲೂ ಸುತ್ತಿನ ಮನೆಗಳಿಂದಲೂ ನಲವತ್ತು ಮಂಡೆಗೆ ಮಾತಾಗಿತ್ತು. ಪತ್ತನಾಜೆಯ ಹೊತ್ತಿಗೆ ಕೊಡಬೇಕು. ಪತ್ತನಾಜೆ ಎಂದರೆ ನಮಗೆ ಬೇಸಿಗೆಯ ಕೊನೆಯ ಗಡಿ. ಆ ದಿನ ಹತ್ತು ಹನಿಯಾದರೂ ಮಳೆ ಬೀಳಬೇಕು ಎಂದು ತುಳುವಿನಲ್ಲಿ ಮಾತಿದೆ. ಅದು ಕಳೆದರೆ ಮಾವಿನಕಾಯಿ ಹಣ್ಣಾಗುತ್ತದೆ, ಸೌದೆ ಒದ್ದೆಯಾಗುತ್ತದೆ, ಆವೆ ಉರಿಯುವುದಿಲ್ಲ.

ಪತ್ತನಾಜೆಗೆ ಇಪ್ಪತ್ತೈದು ದಿನ ಇರುವಾಗ ನೆರಿಯದಿಂದ ಅಣ್ಣ ಬಂದ. ಅಂಗಳದಲ್ಲಿ ಕಾಲು ತೊಳೆದವನು ಜಗಲಿಯಲ್ಲಿ ಕೂರಲೂ ಇಲ್ಲ.

"ಅಮ್ಮನಿಗೆ ಕಣ್ಣು ಪೂರ್ತಿ ಹೋಯ್ತು. ಈಗ ಜ್ವರವೂ ಬಿಡುದಿಲ್ಲ. ದಿನಾ ನಿನ್ನನ್ನೇ ಕೇಳ್ತಾಳೆ" ಎಂದ.

"ಏಳುತ್ತಾಳಾ?"

"ಎಬ್ಬಿಸಿದ್ರೆ ಕೂರ್ತಾಳೆ. ನೋಡು ತಂಗಿ, ಮಳೆಗೆ ಮೊದಲು ಬಾ. ಹೊಳೆ ಬಂದ ಮೇಲೆ ನಮ್ಮ ಮನೆಗೆ ದಾರಿ ಇಲ್ಲ, ನಿಂಗೆ ಗೊತ್ತುಂಟಲ್ಲ."

ಗೊತ್ತಿಲ್ಲದೆ ಏನು. ಹುಟ್ಟಿದ ಮನೆ ಹೊಳೆಯ ಆಚೆ ಬದಿ. ಸಂಕ ಎಂದರೆ ಎರಡು ಮರದ ದಿಮ್ಮಿ. ಮೊದಲ ನೆರೆಗೇ ಅದು ಹೋಗುತ್ತದೆ.

ಮಾವನ ಹತ್ತಿರ ಸೊಸೆ ನೇರವಾಗಿ ಮಾತಾಡುವ ಕ್ರಮ ನಮ್ಮಲ್ಲಿ ಇರಲಿಲ್ಲ. ನಾನು ಅತ್ತೆಗೆ ಹೇಳಿದೆ, ಅತ್ತೆ ಮಾವನಿಗೆ ಹೇಳಿದರು. ಮಾವ ತಿಗರಿಯಿಂದ ತಲೆ ಎತ್ತದೆ, "ಹೋಗ್ಲಿ ಪಾಪ. ಆವೆ ಬಿಚ್ಚಿದ ಕೂಡ್ಲೇ ಹೋಗ್ಲಿ" ಎಂದರು. ಬೇಡ ಎಂದು ಯಾರೂ ಹೇಳಲಿಲ್ಲ. ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು. ಎಲ್ಲರೂ ಒಳ್ಳೆಯವರೇ; ಬಾಗಿಲು ತೆರೆದೇ ಇದೆ; ಆದರೆ ಹೊರಗೆ ಕಾಲಿಡುವ ಹಾಗಿಲ್ಲ. ಇಪ್ಪತ್ತೆರಡು ಮಂಡೆಗಳು ಅಡಿಯಿಲ್ಲದೆ ಸಾಲಾಗಿ ನನ್ನನ್ನೇ ನೋಡುತ್ತಿದ್ದವು, ಇನ್ನೂ ಹದಿನೆಂಟು ತಿಗರಿಯಿಂದ ಇಳಿಯಲಿಕ್ಕಿದ್ದವು. ಅಣ್ಣ ಒಂದು ಲೋಟ ಬೆಲ್ಲ-ನೀರು ಕುಡಿದು ಅದೇ ಮಧ್ಯಾಹ್ನ ಹೊರಟುಹೋದ.

ಹದ ಎಂದರೆ ಇಷ್ಟೇ: ಹೆಬ್ಬೆರಳು ಒತ್ತಿದರೆ ಗುಳಿ ಬೀಳಬಾರದು, ಉಗುರು ಒತ್ತಿದರೆ ಗೆರೆ ಬೀಳಬೇಕು. ಹದಕ್ಕೆ ಬಂದ ಮಣ್ಣಿಗೆ ಹಲಗೆ ಬಿದ್ದರೆ ಟಪ್ ಟಪ್ ಎಂದು ಒಣ ಶಬ್ದ. ಹಸಿಯಾಗಿದ್ದರೆ ಪಚ ಪಚ. ಆ ವಾರ ನಾನು ತಟ್ಟಿದ್ದೆಲ್ಲ ಪಚ ಪಚ.

ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಗುಳಿ ಬೀಳುತ್ತಿತ್ತು, ನೋಡಿದೆ, ಶಬ್ದ ಕೇಳಿದೆ, ಆದರೂ ತಟ್ಟಿದೆ. ಒಂದು ದಿನ ಬಿಡಬೇಕಾದಲ್ಲಿ ಬೆಳಗ್ಗೆ ತಟ್ಟಿದ್ದನ್ನು ಸಂಜೆಗೆ ಮತ್ತೆ ತಟ್ಟಿದೆ. ಹಸಿ ಮಣ್ಣು ಹೇಳಿದ ಮಾತು ಕೇಳುತ್ತದೆ, ಎಳೆದ ಕಡೆಗೆ ಬರುತ್ತದೆ, ತೂತು ಬೇಗ ಮುಚ್ಚಿಕೊಳ್ಳುತ್ತದೆ. ಆದರೆ ಒಳಗೆ ಕೂಡಿಕೊಂಡಿರುವುದಿಲ್ಲ. ಈ ಅವಸರದಿಂದ ನನಗೆ ಮೂರು ದಿನ ಉಳಿಯಿತು. ಕೊನೆಗೆ ತಿಗರಿಯ ಮೇಲೆ ಉಳಿದ ಒಂದು ಹಿಡಿ ಮಣ್ಣಿನಲ್ಲಿ ಮಾವ ನನ್ನ ಕಣ್ಣೆದುರೇ ಒಂದು ಸಣ್ಣ ಕುಡಿಕೆ ಎಳೆದು ನನ್ನ ಸಾಲಿಗೆ ಇಟ್ಟರು. "ಅವಳ ಅಮ್ಮನಿಗೆ ಗಂಜಿ ಕುಡಿಲಿಕ್ಕೆ" ಎಂದು ಅತ್ತೆಗೆ ಹೇಳಿದರು. ಅದನ್ನೂ ನಾನು ಹಾಗೇ ಅವಸರದಲ್ಲಿ ತಟ್ಟಿ ಮುಗಿಸಿದೆ.

ಅತ್ತೆ ನನ್ನ ಮುಖ ನೋಡಿ, "ಮಂಡೆ ಬೆಚ್ಚ ಮಾಡ್ಬೇಡ ಮಗಾ" ಎಂದರು. ತಲೆಗೂ ಮಂಡೆ ಎನ್ನುವ ನಮ್ಮೂರಲ್ಲಿ ಅದು ಚಿಂತೆ ಮಾಡಬೇಡ ಎಂದು ಸಮಾಧಾನ ಹೇಳುವ ಮಾತು. ಕುಂಬಾರರ ಮನೆಯಲ್ಲಿ ಹಾಗೆಂದರೆ ನಗು ಬರುತ್ತದೆ. ನನ್ನ ಗಂಡ, "ಬೆಚ್ಚ ಮಾಡದೆ ಮಂಡೆ ಆಗುದು ಹೇಗೆ ಅಮ್ಮ?" ಎಂದರು. ಮೂವರೂ ನಕ್ಕರು. ನಾನು ಹಲಗೆ ತೊಳೆಯಲು ಹೋದೆ.

ಆವೆ ಇಟ್ಟೆವು. ಕೆಳಗೆ ಸೌದೆ, ತೆಂಗಿನ ಸಿಪ್ಪೆ, ಮೇಲೆ ಬಾಯಿ ಕೆಳಗಾಗಿ ಮಂಡೆಗಳು, ಸಂದಿಗಳಲ್ಲಿ ತರಗೆಲೆ, ಎಲ್ಲದರ ಮೇಲೆ ಬೈಹುಲ್ಲು ಹೊದಿಸಿ ಕೆಸರು ಮೆತ್ತಿ, ಹೊಗೆ ಹೋಗಲು ಅಲ್ಲಲ್ಲಿ ತೂತು. ಬೆಳಗ್ಗೆ ಬೆಂಕಿ ಕೊಟ್ಟದ್ದು, ಮರುದಿನ ಆರಲು ಬಿಟ್ಟು, ಮೂರನೆಯ ಬೆಳಗ್ಗೆ ಬಿಚ್ಚಿದೆ. ಬೂದಿ ಸರಿಸಿ ಮೊದಲ ಮಂಡೆ ಎತ್ತಿ ಬೆರಳ ಗಂಟಿನಿಂದ ಬಡಿದೆ. ಠಣ್ ಎನ್ನಬೇಕಾದದ್ದು ಬೊದ್ ಎಂದಿತು. ಅಡಿ ತಿರುಗಿಸಿದೆ. ಸರಿಯಾಗಿ ತೂತು ಮುಚ್ಚಿದ ಜಾಗದಲ್ಲಿ ಕೂದಲಿನಷ್ಟು ತೆಳ್ಳಗೆ ಒಂದು ಬಿರುಕು.

ಎರಡನೆಯದೂ ಹಾಗೇ. ಮೂರನೆಯದು ಸರಿ. ಮತ್ತೆ ನಾಲ್ಕು ಬೊದ್. ಅಂಗಳದಲ್ಲಿ ನಿಂತ ಮೂವರಿಗೂ ಶಬ್ದ ಕೇಳುತ್ತಿತ್ತು. ನಲವತ್ತರಲ್ಲಿ ಇಪ್ಪತ್ತಾರು ಹೋಗಿದ್ದವು. ಕುಡಿಕೆ ಮಾತ್ರ ಏನೂ ಆಗದ ಹಾಗೆ ಠಣ್ ಎಂದಿತು.

ಮಾವ ಒಂದು ಒಡಕು ಮಂಡೆ ತೆಗೆದುಕೊಂಡು ಜಗಲಿಯ ತುದಿಯಲ್ಲಿ ಕೂತರು. ತುಂಬಾ ಹೊತ್ತು ಅದರ ಅಡಿ ನೋಡಿದರು. ಹಿಂದಿನ ವರ್ಷದಿಂದ ಅವರ ಬಲಗೈ ಸ್ವಲ್ಪ ನಡುಗುತ್ತಿತ್ತು. ಊಟದ ಹೊತ್ತಿಗೆ ಕಾಣುತ್ತಿತ್ತು, ತಿಗರಿಯ ಮೇಲೆ ಕಾಣುತ್ತಿರಲಿಲ್ಲ. ಅವರು ಆ ಕೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಮಗನಿಗೆ ಹೇಳಿದರು:

"ಕೈ ಹೋಯ್ತು ಮಗಾ. ಗೋಡೆ ಒಂದೇ ಸಮ ಬರ್ಲಿಲ್ಲ, ಅದಕ್ಕೇ ಅಡಿ ಬಿಟ್ಟದ್ದು. ಇನ್ನು ಸಾಕು."

ಮತ್ತೆ ಎದ್ದು ಒಳಗಿಂದ ಒಂದು ಗೋಣಿ ತಂದು ತಿಗರಿಗೆ ಹೊದಿಸಿದರು. ಮನೆಯಲ್ಲಿ ಬೇರೆ ಯಾರಿಗೂ ತಿಗರಿಯ ಕೈ ಇರಲಿಲ್ಲ. ಗೋಣಿ ಬಿತ್ತು ಎಂದರೆ ಮನೆಯ ಕೆಲಸವೇ ನಿಂತಿತು ಎಂದರ್ಥ. ನನ್ನ ಗಂಡ ಮುಖ ಆಚೆ ತಿರುಗಿಸಿಕೊಂಡರು. ಅತ್ತೆ ನನ್ನ ಹತ್ತಿರ ಬಂದು, "ನೀನು ಹೊರಡು. ಆವೆ ಬಿಚ್ಚಿ ಆಯ್ತಲ್ಲ" ಎಂದರು.

ಹೌದು, ಆವೆ ಬಿಚ್ಚಿ ಆಗಿತ್ತು. ಕಟ್ಟಿನ ಪ್ರಕಾರ ನಾನು ಬಿಡುಗಡೆ. ಸೀರೆ ಎರಡು ಮಡಚಿದೆ, ಅತ್ತೆ ಕೊಟ್ಟ ಶುಂಠಿ, ಹುರಿದ ಅಕ್ಕಿಹುಡಿ ಕಟ್ಟಿದೆ, ನಡುವೆ ಕುಡಿಕೆ ಇಟ್ಟು ಗಂಟು ಹಾಕಿದೆ. ಬಸ್ಸಿನ ಹೊತ್ತಾಗಿತ್ತು. ನನ್ನ ಗಂಡ ಗಂಟು ಎತ್ತಿಕೊಂಡು ಬೇಲಿ ದಾಟುವ ತಡಮೆಯ ಹತ್ತಿರ ನಿಂತರು. ನಾನು ಅಂಗಳಕ್ಕಿಳಿದೆ. ಗೋಣಿ ಹೊದ್ದ ತಿಗರಿಯ ಪಕ್ಕದಲ್ಲಿ ಮಾವ ಕೂತಿದ್ದರು. ಬಲಗೈ ಮಡಿಲಲ್ಲಿ ಮಗುಚಿ ಇಟ್ಟುಕೊಂಡಿದ್ದರು, ಅದು ಬೇರೆ ಯಾರದ್ದೋ ಕೈ ಎಂಬ ಹಾಗೆ.

ಬಾಯಿ ಮುಚ್ಚಿಕೊಂಡು ದಾಟಿಹೋದರೆ ಯಾರೂ ಕೇಳುವವರಿಲ್ಲ. ಕೇಳುವ ಕಟ್ಟೇ ಇಲ್ಲ. ಅಮ್ಮ ಕಾಯುತ್ತಿದ್ದಾಳೆ. ಹೇಳಿದರೆ ಇಪ್ಪತ್ತಾರು ಮಂಡೆ ಮತ್ತೆ ಮೊದಲಿನಿಂದ. ನಾನು ತಡಮೆಯವರೆಗೆ ಹೋದೆ. ಒಂದು ಕಾಲು ಆಚೆ ಇಟ್ಟೆ ಕೂಡ. ಅಲ್ಲಿಂದ ಹಿಂದೆ ಬಂದೆ.

"ಮಾವ" ಎಂದೆ. ಅವರಿಗೆ ನೇರವಾಗಿ ಆಡಿದ ಮೊದಲ ಮಾತು ಅದು. "ನಿಮ್ಮ ಕೈ ಹೋಗ್ಲಿಲ್ಲ. ನಾನು ಹಸಿಯಲ್ಲೇ ತಟ್ಟಿದ್ದು. ಬೇಗ ಮುಗಿಸಿ ಹೋಗುವ ಅಂತ."

ಅವರು ತಲೆ ಎತ್ತಲಿಲ್ಲ. "ಗೊತ್ತುಂಟು" ಎಂದರು.

"ಗೊತ್ತುಂಟಾ?"

"ಐವತ್ತು ವರ್ಷ ಈ ಶಬ್ದದ ಎದುರು ಕೂತವ ನಾನು. ಪಚ ಪಚ ಅಂತ ಇತ್ತು, ಹಸಿ ಮೀನು ಬಡಿದ ಹಾಗೆ. ಗೊತ್ತಾಗುದಿಲ್ವಾ?"

"ಮತ್ತೆ ಯಾಕೆ ಹೇಳ್ಲಿಲ್ಲ?"

"ನಿನ್ನ ಕೈಗೆ ನಾನು ಬಾಯಿ ಹಾಕುದಾ?"

"ಹಾಗಾದ್ರೆ ಈ ಗೋಣಿ?"

"ಯಾರದ್ದಾದ್ರೂ ಒಂದು ಕೈ ಹೋಗ್ಬೇಕಲ್ಲ. ನಿಂದು ಹೋಗುದಕ್ಕಿಂತ ಹಳೇ ಕೈ ಹೋದ್ರೆ ಆಯ್ತು" ಎಂದರು ಮಾವ. "ಹೋಗು. ಬಸ್ಸು ತಪ್ತದೆ. ಅಮ್ಮನನ್ನು ನೋಡು."

ನನಗೆ ಸಿಟ್ಟು ನೆತ್ತಿಗೇರಿತು. ಬೈದಿದ್ದರೆ ಬೆನ್ನು ತಿರುಗಿಸಿ ಹೋಗುತ್ತಿದ್ದೆ. ಹಲಗೆ ಎಸೆದಿದ್ದರೆ ನಾನೂ ಕಲ್ಲು ಎಸೆಯುತ್ತಿದ್ದೆ. ಹೀಗೆ ಮಾಡಿದರೆ ಮನುಷ್ಯರು ಹೋಗುವುದು ಹೇಗೆ? ಅದು ಕರುಣೆಯೋ, ಉಪಾಯವೋ, ಇಷ್ಟು ವರ್ಷವಾದರೂ ನನಗೆ ತೀರ್ಮಾನವಾಗಿಲ್ಲ. ಎರಡೂ ಇರಬಹುದು. ನಾನು ಗೋಣಿ ಎಳೆದು ತೆಗೆದೆ. ಹೆಂಗಸು ತಿಗರಿ ಮುಟ್ಟಬಾರದು ಎಂದು ಅತ್ತೆ ಒಳಗಿಂದ ಕೂಗಿದರು. ನಾನು ಮುಟ್ಟಿದ್ದು ಗೋಣಿಯನ್ನು ಮಾತ್ರ.

ಗಂಡನ ಕಡೆ ತಿರುಗಿ, "ಮಣ್ಣು ಎಷ್ಟುಂಟು?" ಎಂದೆ.

"ಹೋಗುದಿಲ್ವಾ ನೀನು?"

"ಎಷ್ಟುಂಟು ಅಂತ ಕೇಳಿದ್ದು ನಾನು."

"ಹತ್ತು ಮಂಡೆಗೆ ಇರ್ಬಹುದು. ಉಳಿದದ್ದು ತರ್ಬೇಕು."

"ತನ್ನಿ."

ಪತ್ತನಾಜೆಗೆ ಹದಿಮೂರು ದಿನ ಇತ್ತು. ಗಂಟು ಹಾಗೇ ಗೂಟಕ್ಕೆ ನೇತಾಡಿತು. ಬಿಚ್ಚಿದರೆ ಮತ್ತೆ ಕಟ್ಟಲಾರೆ ಎಂದು ಬಿಚ್ಚಲಿಲ್ಲ. ಗಂಡ ಮಣ್ಣು ತಂದು ತುಳಿದರು. ಅತ್ತೆ ಹೊಯಿಗೆ ಗಾಳಿಸಿದರು. ಮಾವ ದಿನಕ್ಕೆ ಏಳು ಮಂಡೆ ಎಳೆದರು, ಆ ವಯಸ್ಸಿನಲ್ಲಿ. ನಾಲ್ಕನೆಯ ದಿನ ಕೊನೆಯದು ಇಳಿಯಿತು. ನಾನು ಕಾದೆ.

ಕಾಯುವುದು ತಟ್ಟುವುದಕ್ಕಿಂತ ಕಷ್ಟ. ಮೋಡ ಕಟ್ಟುತ್ತಿತ್ತು, ಗಾಳಿಯಲ್ಲಿ ಪಸೆ, ಮಣ್ಣು ಒಣಗದು. ಗಳಿಗೆಗೊಮ್ಮೆ ಹೋಗಿ ಹೆಬ್ಬೆರಳು ಒತ್ತುತ್ತಿದ್ದೆ. ಗುಳಿ. ಮತ್ತೆ ಹೋಗುತ್ತಿದ್ದೆ. ಗುಳಿ. ಘಟ್ಟದ ಕಡೆ ಗುಡುಗಿದರೆ ಅಂಗಳಕ್ಕೆ ಓಡಿ ಆ ದಿಕ್ಕಿನ ಮೋಡ ನೋಡುತ್ತಿದ್ದೆ. ಮಂಡೆಗಳನ್ನು ಒಡೆದು ಓಡಿಹೋಗುವ ಎನಿಸುತ್ತಿತ್ತು. ಒಂದು ಸಲ ಸಾಲಿನ ಎದುರು ಕೂತು ಬಾಯಿಗೆ ಸೆರಗು ತುರುಕಿ ಅತ್ತದ್ದೂ ಉಂಟು. ಅತ್ತೆ ನೋಡಿದರು. ಒಲೆಯಿಂದ ಕೆಂಡ ತಂದು ಸಾಲಿನ ಆಚೆ ಈಚೆ ಹರಡಿ, ನೋವಿನ ಭುಜದಲ್ಲೇ ಗೆರಸೆ ಹಿಡಿದು ಬೀಸತೊಡಗಿದರು. ನಾನು ಹೋಗಿ ಇನ್ನೊಂದು ಗೆರಸೆ ಹಿಡಿದೆ. ಮರುದಿನ ಬೆಳಗ್ಗೆ ಉಗುರಿಗೆ ಗೆರೆ ಬಿತ್ತು, ಹೆಬ್ಬೆರಳಿಗೆ ಗುಳಿ ಬೀಳಲಿಲ್ಲ.

ಹಲಗೆ ಎತ್ತಿ ಮೊದಲ ಪೆಟ್ಟು ಹಾಕಿದೆ. ಟಪ್. ತಿಗರಿಯ ಬುಡ ಉಜ್ಜುತ್ತಿದ್ದ ಮಾವ ಕೈ ನಿಲ್ಲಿಸಿ ಕೇಳಿಸಿಕೊಂಡರು, ಮತ್ತೆ ಉಜ್ಜಿದರು.

ಎರಡನೆಯ ಆವೆಗೆ ಬೆಂಕಿ ಕೊಟ್ಟದ್ದು ಪತ್ತನಾಜೆಯ ಹಿಂದಿನ ದಿನ. ಮರುದಿನ ಮಧ್ಯಾಹ್ನ ಲೆಕ್ಕ ಮಾಡಿದ ಹಾಗೆ ಹತ್ತೇ ಹನಿ ಬಿತ್ತು. ನಾವು ನಾಲ್ವರೂ ತೆಂಗಿನ ಮಡಲು ಹಿಡಿದು ಆವೆಯ ಸುತ್ತ ಓಡಿದೆವು. ಸುಡುವ ಕೆಸರಿನ ಮೇಲೆ ಹನಿ ಬಿದ್ದು ಚುಯ್ ಎನ್ನುತ್ತಿತ್ತು. ಒಂದು ಗಳಿಗೆ ಮಳೆ ಹಿಡಿದಿದ್ದರೆ ಎಲ್ಲ ಹೋಗುತ್ತಿತ್ತು; ಹಿಡಿಯಲಿಲ್ಲ. ಅದರ ಮರುದಿನ ಬೆಳಗ್ಗೆ ಬಿಚ್ಚಿದೆ. ಒಂದೇ ಒಂದು ಬೊದ್ ಎಂದಿತು. ಇಪ್ಪತ್ತೈದು ಠಣ್ ಎಂದವು. ಕೊನೆಯದನ್ನು ಕೆಳಗಿಡುವುದರೊಳಗೆ ನನ್ನ ಗಂಡ ಗೂಟದಿಂದ ಗಂಟು ತೆಗೆದಾಗಿತ್ತು. ಮಾವ ನನ್ನ ಕಡೆ ನೋಡಿ, "ನಿಧಾನ ಹೋಗು ಮಗಳೇ" ಎಂದರು. ಅತ್ತೆಯ ಮೂಲಕ ಅಲ್ಲ, ನನಗೇ.

ವೇಣೂರು ದಾಟುವಾಗ ಮಳೆ ಶುರುವಾಯಿತು. ಬೆಳ್ತಂಗಡಿಯಲ್ಲಿ ನಾನೂ ಗಂಡನೂ ಬಸ್ಸು ಬದಲಿಸಿದೆವು. ಅದು ಲಾಯಿಲದಲ್ಲಿ ನಿಂತು, ಹೊಗೆ ಬಿಟ್ಟು, ಒಂದು ಗಂಟೆ ಹೊರಡಲಿಲ್ಲ. ಮತ್ತೆ ಹೊರಟ ಬಸ್ಸಿನಿಂದ ಇಳಿದು ನಡೆದು ಹೊಳೆಯ ಹತ್ತಿರ ಮುಟ್ಟುವಾಗ ಸಂಕ ಇರಲಿಲ್ಲ. ಕೆಂಪು ನೀರು. ಆಚೆ ದಡದಲ್ಲಿ ನಮ್ಮ ಮನೆಯ ಮಾಡು, ಅದರಿಂದ ಏಳುವ ಒಲೆಯ ಹೊಗೆ, ಎಲ್ಲ ಕಾಣುತ್ತಿತ್ತು. ನಾವು ಕೂಗಿದ್ದು ಅತ್ತ ಕೇಳಲಿಲ್ಲ. ಈಚೆ ದಡದ ಒಂದು ಮನೆಯವರು ಒಳಗೆ ಕರೆದು ಜಾಗ ಕೊಟ್ಟರು. ಎರಡು ದಿನ ಅವರ ಜಗಲಿಯಲ್ಲಿ ಕೂತು ಆ ಹೊಗೆಯನ್ನೇ ನೋಡಿದೆ. ಹೊಗೆ ಎದ್ದರೆ ಗಂಜಿ ಆಗುತ್ತಿದೆ, ಗಂಜಿ ಆದರೆ ಅಮ್ಮ ಇದ್ದಾಳೆ ಎಂದು ನನಗೆ ನಾನೇ ಹೇಳಿಕೊಂಡೆ. ಮೂರನೆಯ ಬೆಳಗ್ಗೆ ನೀರು ಸೊಂಟಕ್ಕಿಳಿಯಿತು. ಅಣ್ಣ ಹಗ್ಗ ಹಿಡಿದು ಬಂದ. ಗಂಟನ್ನು ತಲೆಯ ಮೇಲಿಟ್ಟು ದಾಟಿದೆ.

ಅಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಕಣ್ಣು ಬೆಳ್ಳಗೆ, ಮೈ ಸುಡುತ್ತಿತ್ತು.

"ಯಾರದು?" ಎಂದಳು.

"ನಾನು, ಅಮ್ಮ."

"ಯಾವ ನಾನು?"

ಹೆಸರು ಹೇಳಿದೆ. ಅಣ್ಣನೂ ಹೇಳಿದ. ಅವಳು ತಲೆ ಅಲ್ಲಾಡಿಸಿದಳು. "ಅವಳು ದೂರ ಇರುದು. ಅವಳಿಗೆ ಬರ್ಲಿಕ್ಕೆ ಆಗುದಿಲ್ಲ" ಎಂದಳು, ಬಂದ ನೆಂಟರಿಗೆ ಹೇಳುವ ಹಾಗೆ. ಗಂಟು ಬಿಚ್ಚಿ, ಕುಡಿಕೆ ತೊಳೆದು ಗಂಜಿ ಹಾಕುವ ಎಂದು ಎದ್ದೆ. ಅದು ನೆಲಕ್ಕೆ ತಾಗಿ ಠಣ್ ಎಂದಿತು. ಅಮ್ಮ ಕೈ ಚಾಚಿದಳು.

ಕೊಟ್ಟೆ. ಬೆರಳ ಗಂಟಿನಿಂದ ಒಮ್ಮೆ ಬಡಿದಳು. ಒಳಗೆ ಬೆರಳು ಹಾಕಿ ಸುತ್ತ ಆಡಿಸಿದಳು, ಒಂದು ಕಡೆ ನಿಲ್ಲಿಸಿದಳು.

"ಕಲ್ಲು ನನ್ನದು" ಎಂದಳು.

ಮತ್ತೆ ಅಡಿ ತಿರುಗಿಸಿ ಹೆಬ್ಬೆರಳಿನಿಂದ ತಡವಿದಳು. ಒಮ್ಮೆ, ಎರಡು ಸಲ. ಹಣೆ ಗಂಟಿಕ್ಕಿತು. ಚಿಕ್ಕವಳಿದ್ದಾಗ ನಾನು ಕೆಟ್ಟದಾಗಿ ತಟ್ಟಿದ್ದನ್ನು ನೋಡುವಾಗ ಹೀಗೇ ಗಂಟಿಕ್ಕುತ್ತಿತ್ತು.

"ಏನು ತಟ್ಟಿದ್ದು ಇದು? ತಟ್ಟಿದವಳ ಮನಸ್ಸು ಇಲ್ಲಿ ಇರ್ಲಿಲ್ಲ."

"ಇಲ್ಲೇ ಇತ್ತಮ್ಮ" ಎಂದೆ.

ಅವಳು ಕುಡಿಕೆ ಬಿಟ್ಟು ನನ್ನ ಕೈ ಹುಡುಕಿ ಹಿಡಿದಳು. ಮೂರು ದಿನ ಬಿಡಲಿಲ್ಲ. ಕೊನೆಗೆ, ಅವಳ ಕೈ ತಣ್ಣಗಾದ ಮೇಲೆ, ನಾನೇ ಬಿಡಿಸಿಕೊಳ್ಳಬೇಕಾಯಿತು.